ಮೂರು ಬೋರ್ಡು, ಒಂದು ಕಡ್ಡಿ: ಬೆಂಗಳೂರು ದಕ್ಷಿಣದಲ್ಲಿ ಹಿಪ್ಪುನೇರಳೆ ಬಿಟ್ಟುಹೋದ ಹೆಸರುಗಳು

ಕೆಲಸಕ್ಕೋ, ಆಸ್ಪತ್ರೆಗೋ, ನೆಂಟರ ಮನೆಗೋ ಬೆಂಗಳೂರಿಗೆ ಹೋಗುವ ನಮ್ಮ ಊರುಗಳ ಜನರಿಗೆ ರೇಷ್ಮೆ ಎನ್ನುವ ಹೆಸರು ನಗರದ ದಕ್ಷಿಣ ಭಾಗದಲ್ಲಿ ಮೂರು ಕಡೆ ಕಾಣುತ್ತದೆ. ಬಸವನಗುಡಿ, ಜಯನಗರದ ನಡುವೆ 'ಟಾಟಾ ಸಿಲ್ಕ್ ಫಾರ್ಮ್' ಎನ್ನುವ ಬಡಾವಣೆ ಇದೆ. ಬಿಟಿಎಂ ಲೇಔಟ್ ಅಂಚಿನಲ್ಲಿ, ಹೊಸೂರು ರಸ್ತೆಗೆ ತಾಗಿ, ಟ್ರಾಫಿಕ್‌ಗೆ ಹೆಸರಾದ 'ಸಿಲ್ಕ್ ಬೋರ್ಡ್' ಇದೆ. ಕನಕಪುರ ರಸ್ತೆಯಲ್ಲಿ ಮೆಟ್ರೋ ಹಸಿರು ಮಾರ್ಗ ಮುಗಿಯುವ ನಿಲ್ದಾಣದ ಹೆಸರು 'ಸಿಲ್ಕ್ ಇನ್‌ಸ್ಟಿಟ್ಯೂಟ್'.

ಈ ಮೂರೂ ಬೋರ್ಡಿನಲ್ಲಿ ರೇಷ್ಮೆ ಇದೆ. ಹಿಪ್ಪುನೇರಳೆ ಒಂದರಲ್ಲೂ ಇಲ್ಲ. ಹುಳ ತಿನ್ನುವುದು ಮಾತ್ರ ಅದರ ಸೊಪ್ಪನ್ನೇ. ಆ ಗಿಡ ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಹೋದದ್ದು ಬೀಜದಿಂದಲ್ಲ, ಒಂದು ಗೇಣಿನ ಕಡ್ಡಿಯಿಂದ. ರಾಜರು, ದಿವಾನರು, ಉದ್ಯಮಿಗಳ ಹೆಸರು ಪುಸ್ತಕದಲ್ಲಿ ಉಳಿದಿದೆ. ಕಡ್ಡಿ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ಪಕ್ಕದ ಊರಿಗೆ ಕೊಟ್ಟವರ ಹೆಸರು ಎಲ್ಲೂ ಇಲ್ಲ. ಈ ಬರಹದಲ್ಲಿ ನಾವು ಆ ಕಡ್ಡಿಯ ಜಾಡು ಹಿಡಿದು ಹೋಗುತ್ತೇವೆ. ಮನೆಯಲ್ಲಿ ಕಡ್ಡಿ ನೆಡುವುದು ಹೇಗೆ ಎಂಬುದನ್ನೂ ಹೇಳುತ್ತೇವೆ. ಕೊನೆಯಲ್ಲಿ ನಿಮ್ಮ ಹತ್ತಿರ ಒಂದು ಮಾತು ಕೇಳುವುದಿದೆ.

ಸೊಪ್ಪು ಮೊದಲು, ಹುಳ ಆಮೇಲೆ

ಮೈಸೂರು ಸೀಮೆಗೆ ರೇಷ್ಮೆ ಕೃಷಿ ತಂದವನು ಟಿಪ್ಪು ಸುಲ್ತಾನ್ ಎಂದು ಶಾಲೆಯಲ್ಲಿ ಓದಿದ್ದೇವೆ. ಅದಕ್ಕೆ ದಾಖಲೆಯೂ ಇದೆ. 1786ರಲ್ಲಿ ಅವನು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆಸಿದ ಒಂದು ಪತ್ರ ಉಳಿದಿದೆ. ಬುರ್ಹಾನುದ್ದೀನ್, ಕಸ್ತೂರಿ ರಂಗ ಎಂಬ ಇಬ್ಬರನ್ನು ರೇಷ್ಮೆ ಹುಳ ತರಲು ಬಂಗಾಳಕ್ಕೆ ಕಳಿಸಲಾಗಿತ್ತು. ಅವರು ವಾಪಸ್ ಬರುತ್ತಿದ್ದಾರೆ, ಹುಳ ಇಡಲು ಜಾಗ ಸಿದ್ಧ ಮಾಡಿ ಎನ್ನುವುದು ಪತ್ರದ ಸಾರ. ಹುಳ ಎಷ್ಟು ಬಂದವು, ಎಂಥ ಜಾಗದಲ್ಲಿ ಇಡಬೇಕು, ಹೆಚ್ಚಿಸುವುದು ಹೇಗೆ ಎಂದು ವರದಿಯನ್ನೂ ಕೇಳಿದ್ದಾನೆ.

ನಮ್ಮ ರೈತರು ಗಮನಿಸಬೇಕಾದ ಸಾಲು ಅದೇ ಪತ್ರದಲ್ಲಿ ಇನ್ನೊಂದಿದೆ. ಹುಳಕ್ಕೆ ಮೇವಾಗಿ, ಹಿಂದೆಯೇ ನೆಡಲು ಅಪ್ಪಣೆ ಮಾಡಿದ್ದ ಹಿಪ್ಪುನೇರಳೆ ಮರಗಳ ಸೊಪ್ಪು ಹಾಕಿ ಎನ್ನುತ್ತಾನೆ. ಅಂದರೆ ಹುಳ ಬರುವ ಮುಂಚೆಯೇ ಗಿಡ ನೆಡಿಸಿದ್ದ. ಹುಳ ಮೇಯಿಸುವ ಮನೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮೊಟ್ಟೆ ಒಡೆದು ಗೂಡು ಕಟ್ಟುವವರೆಗೆ ಇಪ್ಪತ್ತೈದು ದಿನದ ಆಸುಪಾಸು. ನಾಲ್ಕು ಜ್ವರ ದಾಟಿದ ಮೇಲಿನ ಕೊನೆಯ ಹಂತದಲ್ಲೇ ಒಟ್ಟು ಸೊಪ್ಪಿನ ಶೇಕಡ 80ಕ್ಕೂ ಹೆಚ್ಚು ಹುಳದ ಹೊಟ್ಟೆಗೆ ಹೋಗುತ್ತದೆ. ಆ ವಾರ ಸೊಪ್ಪು ಕಮ್ಮಿಯಾದರೆ ಹಿಂದಿನ ಕಷ್ಟವೆಲ್ಲ ನೀರುಪಾಲು. ಯುದ್ಧದ ನಡುವೆಯೂ ಸುಲ್ತಾನನ ಕಚೇರಿಗೆ ಈ ಲೆಕ್ಕ ಗೊತ್ತಿತ್ತು.

1799ರಲ್ಲಿ ಟಿಪ್ಪು ಸತ್ತ. ಅಪ್ಪಣೆ ಕೊಡುವ ಕಚೇರಿ ಹೋಯಿತು, ಗಿಡ ಉಳಿಯಿತು. ಮುಂದಿನ ದಶಕಗಳಲ್ಲಿ ಅದು ಮಾಗಡಿ, ಕುಣಿಗಲ್, ಚನ್ನಪಟ್ಟಣ, ಕನಕಪುರ, ಕೊಳ್ಳೇಗಾಲ, ಶಿಡ್ಲಘಟ್ಟದ ಸೀಮೆಗಳಲ್ಲಿ ರೈತರ ತೋಟದ ಬೆಳೆಯಾಯಿತು. ಮಾಗಡಿ, ಕುಣಿಗಲ್ ಕಡೆಯ ಮನೆಗಳು ಕಾಪಾಡಿಕೊಂಡು ಬಂದ ಹುಳಕ್ಕೆ ಇವತ್ತಿಗೂ ಮೈಸೂರು ತಳಿ ಎಂದೇ ಹೆಸರು.

ಬೆಂಗಳೂರಿನ ಫಾರ್ಮ್

1860ರ ದಶಕದ ಹೊತ್ತಿಗೆ ಪೆಬ್ರೈನ್ ಎಂಬ ಗಂಟುರೋಗ ಯುರೋಪಿನ ರೇಷ್ಮೆಯನ್ನೇ ನೆಲ ಕಚ್ಚಿಸಿತ್ತು. ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ 1865ರಿಂದ ಐದಾರು ವರ್ಷ ಇದರ ಹಿಂದೆ ಬಿದ್ದು ಪರಿಹಾರ ಕಂಡುಹಿಡಿದರು. ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷೆ ಮಾಡಿ, ರೋಗ ಇಲ್ಲದ ಚಿಟ್ಟೆಯ ಮೊಟ್ಟೆ ಮಾತ್ರ ಇಟ್ಟುಕೊಳ್ಳುವುದು ಆ ಪದ್ಧತಿ. ಇಂದಿಗೂ ನಾವು 'ರೋಗರಹಿತ ಮೊಟ್ಟೆ' ಎನ್ನುವುದು ಇದನ್ನೇ.

ಮೈಸೂರು ಸೀಮೆಯಲ್ಲೂ ಆ ಕಾಲದಲ್ಲಿ ಹುಳ ಸೋತಿತು. ಸಹಾಯಕ್ಕೆ ಬಂದ ದೊಡ್ಡ ಪ್ರಯತ್ನಗಳಲ್ಲಿ ಒಂದು ಜೆಮ್‌ಶೆಡ್ಜಿ ಟಾಟಾ ಅವರದು. 1893ರಲ್ಲಿ ಜಪಾನಿಗೆ ಹೋಗಿದ್ದ ಟಾಟಾ, ಅಲ್ಲಿನ ಪದ್ಧತಿಯನ್ನು ಇಲ್ಲಿಗೆ ತರಲು ಮನಸ್ಸು ಮಾಡಿದರು. ಶೇಷಾದ್ರಿ ಅಯ್ಯರ್ ಮೈಸೂರಿನ ದಿವಾನರಾಗಿದ್ದ ಕಾಲ ಅದು. ಸರ್ಕಾರ ಜಮೀನು ಕೊಟ್ಟಿತು, ಸಹಾಯಧನವನ್ನೂ ಕೊಟ್ಟಿತು. 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಬೆಂಗಳೂರಿನ ದಕ್ಷಿಣದ ಹೊರವಲಯದಲ್ಲಿ ಟಾಟಾ ರೇಷ್ಮೆ ಫಾರ್ಮ್ ಶುರುವಾಯಿತು. ಜಪಾನಿನಿಂದ ಬಂದ ತಜ್ಞ ದಂಪತಿ ಇಲ್ಲಿದ್ದು ಗಿಡ ಬೆಳೆಸುವುದು, ಹುಳ ಮೇಯಿಸುವುದು, ಮೊಟ್ಟೆ ಪರೀಕ್ಷೆ ಮಾಡುವುದು, ನೂಲು ಬಿಚ್ಚುವುದು ಕಲಿಸಿದರು. 1904ರಲ್ಲಿ ಟಾಟಾ ತೀರಿಕೊಂಡರು. 1910ರ ಹೊತ್ತಿಗೆ ಫಾರ್ಮ್ ನಡೆಸುವ ಕೆಲಸ ಸಾಲ್ವೇಶನ್ ಆರ್ಮಿಯ ಕೈಗೆ ಹೋಯಿತು.

ನಂತರದ ಕಥೆ ನಿಮಗೆ ಗೊತ್ತು. ಊರು ಬೆಳೆಯಿತು. 1948ರಲ್ಲಿ ಜಯನಗರಕ್ಕೆ ಅಡಿಪಾಯ ಬಿತ್ತು. ಹೊಲವಿದ್ದ ಕಡೆ ಸೈಟು ಬಂತು, ಸೈಟಿನ ಮೇಲೆ ಮನೆ ಬಂತು. ಫಾರ್ಮ್ ಹೋಗಿ ಬಡಾವಣೆಯ ಹೆಸರಾಗಿ ಮಾತ್ರ ಉಳಿಯಿತು.

ಅಷ್ಟರಲ್ಲಿ ಕೆಲಸ ಹಳ್ಳಿಯ ಕಡೆ ಸರಿದಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ ಸರ್ಕಾರವೇ ರೇಷ್ಮೆಗೆ ಇಲಾಖೆ ಮಾಡಿತು. ಇಟಲಿಯಿಂದ ವಾಷಿಂಗ್ಟನ್ ಮಾರಿ ಎಂಬ ತಜ್ಞರನ್ನು ಕರೆಸಿತು. ಚನ್ನಪಟ್ಟಣದಲ್ಲಿ ಸರ್ಕಾರಿ ಫಾರ್ಮ್ ಆಯಿತು. ಮೈಸೂರಿನಲ್ಲಿ ರೇಷ್ಮೆ ನೇಯುವ ಕಾರ್ಖಾನೆ ಬಂತು.

ಬೆಲೆ ಮಾತ್ರ ಯಾವತ್ತೂ ರೈತನ ಕೈಯಲ್ಲಿರಲಿಲ್ಲ. 1930ರ ಸುಮಾರಿಗೆ ಜಪಾನ್, ಚೀನಾದ ಅಗ್ಗದ ನೂಲು ಮತ್ತು ಕೃತಕ ರೇಷ್ಮೆ ಬಂದು ಗೂಡಿನ ಬೆಲೆ ಬಿತ್ತು, ತೋಟಗಳು ಕಡಿಮೆಯಾದವು. ಎರಡನೇ ಮಹಾಯುದ್ಧ ಬಂದಾಗ ಪ್ಯಾರಾಚೂಟ್‌ಗೆ ರೇಷ್ಮೆ ಬೇಕಾಯಿತು, ಬೆಲೆ ಏರಿತು, ತೋಟ ಮತ್ತೆ ಎದ್ದಿತು. ಬೆಲೆ ಬಿದ್ದಾಗ ಗಿಡ ಕಿತ್ತು ರಾಗಿ ಹಾಕುವುದು, ಬೆಲೆ ಎದ್ದಾಗ ಪಕ್ಕದವರ ತೋಟದಿಂದ ಕಡ್ಡಿ ತಂದು ಮತ್ತೆ ನೆಡುವುದು. ಹೀಗೆ ಮಾಡಲು ಆದದ್ದು ಕಡ್ಡಿಗೆ ಕಾಸು ಇಲ್ಲದ್ದರಿಂದ. ತೋಟ ಸವರಿದಾಗ ಬೀಳುವ ಕಡ್ಡಿಯನ್ನು ಬೇಡಿದವರಿಗೆ ಕೊಡುವುದು ವಾಡಿಕೆಯಾಗಿತ್ತು. ಬಡವರ ಮನೆಗೂ ರೇಷ್ಮೆ ಹೋದದ್ದು ಈ ದಾರಿಯಲ್ಲಿ.

ಸ್ವಾತಂತ್ರ್ಯದ ನಂತರ 1948ರ ಕಾಯ್ದೆಯಂತೆ ಕೇಂದ್ರ ರೇಷ್ಮೆ ಮಂಡಳಿ ಆಯಿತು. ಅದರ ಮುಖ್ಯ ಕಚೇರಿಯೇ ಈಗ ಬಿಟಿಎಂ ಲೇಔಟಿನ ಆ ಸಿಲ್ಕ್ ಬೋರ್ಡ್. ಕನಕಪುರ ರಸ್ತೆಯ ತಲಘಟ್ಟಪುರದಲ್ಲಿ 1980ರಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆ ಶುರುವಾಯಿತು. 2021ರಲ್ಲಿ ಅದರ ಹೆಸರಿನಲ್ಲಿ ಮೆಟ್ರೋ ನಿಲ್ದಾಣ ಬಂತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದ ಮೇಲೆ ಸಿಲ್ಕ್ ಬೋರ್ಡ್‌ಗೂ ಮೆಟ್ರೋ ಹೋಗುತ್ತದೆ. ಸಿಲ್ಕ್ ಇನ್‌ಸ್ಟಿಟ್ಯೂಟ್‌ನಲ್ಲಿ ಹತ್ತಿ, ಜೆ.ಪಿ. ನಗರ, ಬನಶಂಕರಿ, ಜಯನಗರದ ಪಕ್ಕದ ಆರ್.ವಿ. ರಸ್ತೆಯಲ್ಲಿ ಇಳಿದು, ಹಳದಿ ರೈಲು ಹಿಡಿದರೆ ಸಿಲ್ಕ್ ಬೋರ್ಡ್. ಸುಮಾರು ನೂರಿಪ್ಪತ್ತೈದು ವರ್ಷದ ರೇಷ್ಮೆ ಚರಿತ್ರೆಯನ್ನು ಒಂದೇ ಟಿಕೆಟ್‌ನಲ್ಲಿ ದಾಟಬಹುದು.

ಬೀಜ ಬಿಟ್ಟು ಕಡ್ಡಿ ಯಾಕೆ

ಹಿಪ್ಪುನೇರಳೆಗೆ ಹಣ್ಣಿದೆ, ಹಣ್ಣಿನಲ್ಲಿ ಬೀಜವಿದೆ, ಬೀಜ ಮೊಳೆಯುತ್ತದೆ ಕೂಡ. ಹಾಗಿದ್ದರೂ ರೈತರು ಕಡ್ಡಿಯನ್ನೇ ನಂಬಿದ್ದಾರೆ. ಹೆಚ್ಚಿನ ಗಿಡಗಳಲ್ಲಿ ಗಂಡು ಹೂವು ಒಂದರಲ್ಲಿ, ಹೆಣ್ಣು ಹೂವು ಇನ್ನೊಂದರಲ್ಲಿ. ಗಾಳಿಯಲ್ಲಿ ಪರಾಗ ಬಂದು ಬೀಜ ಕಟ್ಟುವುದರಿಂದ ಒಂದು ಬೀಜದ ಗಿಡದಂತೆ ಇನ್ನೊಂದು ಇರುವುದಿಲ್ಲ. ಒಂದರಲ್ಲಿ ಎಲೆ ಅಗಲ, ಒಂದರಲ್ಲಿ ಸೀಳು ಎಲೆ, ಒಂದು ಬೇಗ ಬಲಿಯುತ್ತದೆ, ಒಂದು ಸೊರಗುತ್ತದೆ. ಹುಳಕ್ಕೆ ಒಂದೇ ಸಮನಾದ ಸೊಪ್ಪು ಬೇಕು. ಕಡ್ಡಿಯಿಂದ ಎದ್ದ ಗಿಡ ತಾಯಿಯ ಹಾಗೆಯೇ ಇರುತ್ತದೆ, ಯಾಕೆಂದರೆ ಅದು ತಾಯಿಯ ತುಂಡೇ.

ಹೊಸ ತಳಿ ಹುಟ್ಟುವುದಕ್ಕೆ ಮಾತ್ರ ಬೀಜ ಬೇಕು. ನಮ್ಮ ಹಳೆಯ ನಾಟಿ ಗಿಡಕ್ಕೆ ಇಲಾಖೆಯವರು 'ಮೈಸೂರು ಲೋಕಲ್' ಎನ್ನುತ್ತಾರೆ. ಅದರ ಬೀಜದ ಸಸಿಗಳಲ್ಲಿ ಒಳ್ಳೆಯದೊಂದನ್ನು ಚನ್ನಪಟ್ಟಣದ ಹತ್ತಿರದ ಕಣ್ವ ಫಾರ್ಮ್‌ನಲ್ಲಿ ಆರಿಸಿದರು. ಅದೇ ಕಣ್ವ-2, ರೈತರ ಬಾಯಲ್ಲಿ ಎಂ-5. ಸಾವಿರಾರು ಎಕರೆಯ ಎಂ-5 ಎಲ್ಲವೂ ಆ ಒಂದು ಸಸಿಯ ಕಡ್ಡಿಗಳು. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ ಎರಡು ತಳಿ ಕೂಡಿಸಿ ತಂದದ್ದು ವಿ-1. 1997ರಲ್ಲಿ ಅದು ರೈತರ ಕೈಗೆ ಬಂತು. ನೀರು, ಗೊಬ್ಬರ ಚೆನ್ನಾಗಿದ್ದರೆ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 60 ಟನ್ ಸೊಪ್ಪು, ಎಂದರೆ ಎಕರೆಗೆ ಸುಮಾರು 24 ಟನ್. ಎಂ-5 ಕೊಡುವುದು ಇದರ ಅರ್ಧದ ಆಸುಪಾಸು. ಹೀಗಾಗಿ ಎಂ-5 ಕಿತ್ತು ವಿ-1 ಹಾಕಿದ್ದರಲ್ಲಿ ಆಶ್ಚರ್ಯವಿಲ್ಲ.

ಮನೆಯಲ್ಲಿ ಕಡ್ಡಿ ನೆಡುವುದು

ತೋಟಕ್ಕಾಗಲಿ, ಹಿತ್ತಲಲ್ಲಿ ಮಕ್ಕಳು ಹಣ್ಣು ತಿನ್ನಲಿ ಎಂದಾಗಲಿ, ಕ್ರಮ ಒಂದೇ. ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಯಲ್ಲಿ ಕುಂಡದ ಗಿಡ ಕೊಳ್ಳುವ ನಗರದವರಿಗೂ ಇದು ಗೊತ್ತಿದ್ದರೆ ದುಡ್ಡು ಉಳಿಯುತ್ತದೆ.

ಕಡ್ಡಿ ಆರಿಸುವುದರಲ್ಲೇ ಅರ್ಧ ಕೆಲಸ. ಆರರಿಂದ ಎಂಟು ತಿಂಗಳು ಬಲಿತ ರೆಂಬೆ ಬೇಕು. ತುದಿಯ ಹಸಿರು ಎಳೆ ಭಾಗ ಕೊಳೆಯುತ್ತದೆ, ಬುಡದ ತೀರಾ ದಪ್ಪ ಭಾಗ ಚಿಗುರಲು ಸತಾಯಿಸುತ್ತದೆ. ನಡುವಿನ, ಪೆನ್ಸಿಲ್‌ಗಿಂತ ತುಸು ದಪ್ಪನೆಯ ಭಾಗ ಒಳ್ಳೆಯದು. ಒಂದು ಗೇಣಿಗೆ ಸ್ವಲ್ಪ ಕಡಿಮೆ, ಅಂದರೆ 15ರಿಂದ 20 ಸೆಂಟಿಮೀಟರ್ ಉದ್ದ, ಮೂರು ನಾಲ್ಕು ಕಣ್ಣು ಇರಲಿ.

ಹರಿತವಾದ ಮಚ್ಚಿನಲ್ಲಿ ಅಥವಾ ಕತ್ತರಿಯಲ್ಲಿ ಒಂದೇ ಏಟಿಗೆ ಓರೆಯಾಗಿ ಕತ್ತರಿಸಿ. ಸಿಪ್ಪೆ ಸುಲಿದರೆ, ಕಡ್ಡಿ ಸೀಳಿದರೆ ಆ ಕಡ್ಡಿ ಬಿಟ್ಟುಬಿಡಿ, ಬೇರು ಬರುವುದು ಆ ಸಿಪ್ಪೆಯ ಒಳಪದರದಿಂದಲೇ. ಬುಡದ ಕಡೆ ಯಾವುದು, ತಲೆಯ ಕಡೆ ಯಾವುದು ಎಂದು ಮರೆಯಬೇಡಿ. ಕಣ್ಣು ಮೇಲ್ಮುಖವಾಗಿರಬೇಕು. ತಲೆಕೆಳಗಾಗಿ ನೆಟ್ಟರೆ ಕಷ್ಟವೆಲ್ಲ ವ್ಯರ್ಥ.

ಕತ್ತರಿಸಿದ ದಿನವೇ ನೆಟ್ಟರೆ ಉತ್ತಮ. ಆಗದಿದ್ದರೆ ಒದ್ದೆ ಗೋಣಿ ತಾಟಿನಲ್ಲಿ ಸುತ್ತಿ ನೆರಳಿನಲ್ಲಿಡಿ. ಬಿಸಿಲಿಗೆ ಬಿದ್ದ ಕಡ್ಡಿ ಸೌದೆಗೆ ಸಮ.

ಮಡಿಯ ಮಣ್ಣು ಸಡಿಲವಿರಲಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ನೀರು ನಿಲ್ಲದಂತೆ ನೋಡಿಕೊಳ್ಳಿ. ಹಸಿ ಸಗಣಿ ಬೇಡ, ಗೆದ್ದಲು ಬರುತ್ತದೆ. ಕಡ್ಡಿಯನ್ನು ಸ್ವಲ್ಪ ವಾಲಿಸಿ, ಒಂದೇ ಕಣ್ಣು ಮೇಲೆ ಕಾಣುವಂತೆ ನೆಟ್ಟು, ಸುತ್ತಲಿನ ಮಣ್ಣು ಬೆರಳಿನಿಂದ ಒತ್ತಿ. ಒಳಗೆ ಗಾಳಿ ಉಳಿದರೆ ಬೇರು ಒಣಗುತ್ತದೆ. ಮೇಲೆ ಒಣಹುಲ್ಲು ಹೊದಿಸಿ ನೀರು ಕೊಡಿ. ಮನೆಗೆ ಎರಡು ಮೂರು ಗಿಡ ಸಾಕು ಎನ್ನುವವರು ಹಳೇ ಡಬ್ಬದ ತಳಕ್ಕೆ ತೂತು ಮಾಡಿ ಅದರಲ್ಲೇ ಬೆಳೆಸಬಹುದು.

ಹತ್ತು ಹದಿನೈದು ದಿನಕ್ಕೆ ಚಿಗುರು ಕಾಣುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿ. ಮೊದಲ ಚಿಗುರು ಕಡ್ಡಿಯೊಳಗೆ ಕೂಡಿಟ್ಟ ಆಹಾರದಿಂದ ಬಂದದ್ದು, ಬೇರಿನಿಂದಲ್ಲ. ಬೇರು ಬಂತೇ ಎಂದು ಎಳೆದು ನೋಡಿದರೆ ಆಗಷ್ಟೇ ಮೂಡಿದ ಬಿಳಿ ಬೇರು ಮುರಿಯುತ್ತದೆ. ಚಿಗುರು ಬಂತೆಂದು ನೀರು ನಿಲ್ಲಿಸಿದರೂ ಸಾಯುತ್ತದೆ. ಕೈ ಹಾಕದೆ ಕಾಯಬೇಕು. ಮೂರು ನಾಲ್ಕು ತಿಂಗಳಿಗೆ ಸಸಿ ಕಿತ್ತು ನೆಡುವಷ್ಟು ಬೆಳೆಯುತ್ತದೆ. ಅಂಜೂರ, ದ್ರಾಕ್ಷಿ, ದಾಳಿಂಬೆಗೂ ಹೆಚ್ಚುಕಡಿಮೆ ಇದೇ ವಿದ್ಯೆ.

ಕಡ್ಡಿಯ ಜೊತೆ ಬರುವ ಕಾಟ

ತಾಯಿಯ ಗುಣ ತರುವ ಕಡ್ಡಿ ತಾಯಿಯ ಕಾಯಿಲೆಯನ್ನೂ ತರುತ್ತದೆ. ಎಲೆ ಮುರುಟುವ ತುಕ್ರ ಇರುವ ತೋಟದ ಕಡ್ಡಿ ತಂದರೆ, ಅದಕ್ಕೆ ಕಾರಣವಾದ ಹಿಟ್ಟು ತಿಗಣೆಯನ್ನೂ ಮನೆಗೆ ಕರೆದಂತೆ. ಬೇರುಗಂಟು ರೋಗವಿದ್ದ ಮಡಿಯ ಸಸಿ ತಂದರೆ ಮಣ್ಣಿನ ಜೊತೆ ಜಂತುಹುಳವೂ ಬರುತ್ತದೆ.

ಮೆಕ್ಸಿಕೊ ಕಡೆಯ ಪಪ್ಪಾಯಿ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡಿತು. ನೋಡನೋಡುತ್ತ ತಮಿಳುನಾಡು, ಕರ್ನಾಟಕದ ಹಿಪ್ಪುನೇರಳೆಗೂ ಹತ್ತಿತು. ಔಷಧಿ ಹೊಡೆಯೋಣವೆಂದರೆ ಆ ಸೊಪ್ಪು ಹುಳಕ್ಕೆ ವಿಷ. ಕೊನೆಗೆ 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಸ್ಥೆ ಪೋರ್ಟೊರಿಕೊದಿಂದ ಒಂದು ಸಣ್ಣ ಕಣಜ ತರಿಸಿ, ಹೆಚ್ಚಿಸಿ, ತೋಟಗಳಿಗೆ ಬಿಟ್ಟಿತು. ಕಣಜದ ಮರಿಗಳು ತಿಗಣೆಯನ್ನು ಒಳಗಿನಿಂದ ತಿಂದು ಹದ್ದಿಗೆ ತಂದವು. ಒಂದು ಕೀಟದ ಹಿಂದೆ ಅರ್ಧ ಭೂಮಿ ಸುತ್ತಬೇಕಾಯಿತು. ಆದ್ದರಿಂದ ಕಡ್ಡಿ ಇಸಿದುಕೊಳ್ಳುವ ಮುಂಚೆ ಆ ತೋಟದಲ್ಲಿ ಒಂದು ಸುತ್ತು ಹಾಕಿ. ತುದಿ ಮುರುಟಿದೆಯೇ, ಬಿಳಿ ಹಿಟ್ಟು ಅಂಟಿದೆಯೇ, ಗಿಡ ಅಲ್ಲಲ್ಲಿ ಒಣಗಿದೆಯೇ ನೋಡಿ. ಅನುಮಾನ ಬಂದರೆ ಕಡ್ಡಿ ಬೇಡ ಎನ್ನಿ, ಸಂಕೋಚ ಪಡಬೇಡಿ.

ಒಂದೇ ಗಿಡದ ತುಂಡುಗಳು

ಎಲ್ಲ ಗಿಡವೂ ಒಂದೇ ತಾಯಿಯ ತುಂಡಾದರೆ, ಒಂದಕ್ಕೆ ಹೊಡೆಯುವ ರೋಗ ಎಲ್ಲಕ್ಕೂ ಹೊಡೆಯುತ್ತದೆ. ಬಾಳೆಯಲ್ಲಿ ಇದನ್ನು ಜಗತ್ತು ಕಂಡಿದೆ. ಒಂದು ಕಾಲಕ್ಕೆ ಅಮೆರಿಕ, ಯುರೋಪಿನ ಮಾರುಕಟ್ಟೆ ಆಳುತ್ತಿದ್ದ ಗ್ರೋ ಮಿಷೆಲ್ ಎಂಬ ಬಾಳೆ ಪನಾಮ ಸೊರಗು ರೋಗಕ್ಕೆ ಸಿಕ್ಕಿ, 1960ರ ಹೊತ್ತಿಗೆ ದೊಡ್ಡ ತೋಟಗಳಿಂದಲೇ ಮಾಯವಾಯಿತು. ನಮ್ಮ ನಂಜನಗೂಡು ರಸಬಾಳೆಯನ್ನು ಬಡಿದದ್ದೂ ಅದೇ ಸೊರಗು ರೋಗ. ರಸಬಾಳೆ ಪೂರ್ತಿ ಅಳಿಯದೆ ಉಳಿದದ್ದು ಕೆಲವರು ಕಂದು ಬಿಡದೆ ಕಾಪಾಡಿಕೊಂಡದ್ದರಿಂದ.

ವಿ-1ಗೆ ಅಂಥ ಗತಿ ಬಂದಿದೆ ಎಂದು ನಾವು ಹೇಳುತ್ತಿಲ್ಲ. ಅದು ಒಳ್ಳೆಯ ತಳಿ, ಎಷ್ಟೋ ಮನೆಗಳ ಸಾಲ ತೀರಿಸಿದೆ. ಎಲ್ಲ ತೋಟವೂ ಒಂದೇ ತಳಿಯ ಕಡೆ ವಾಲಿದಾಗ ಹಳೆಯದು ಸದ್ದಿಲ್ಲದೆ ಹೋಗುತ್ತದೆ ಎನ್ನುವುದು ನಮ್ಮ ಮಾತು. ಮಳೆಯಾಶ್ರಯದಲ್ಲಿ, ಗೊಬ್ಬರ ಕಂಡೂ ಕಾಣದ ಕೆಂಪು ನೆಲದಲ್ಲಿ ತಲೆಮಾರುಗಳ ಕಾಲ ಬದುಕಿದ ನಾಟಿ ಗಿಡ ಅದು. ಎಂ-5 ಹುಟ್ಟಿದ್ದು ಅದರ ಬೀಜದಿಂದಲೇ. ಬೋರ್‌ವೆಲ್ ಬತ್ತುತ್ತಿರುವ ಈ ದಿನಗಳಲ್ಲಿ, ಕಡಿಮೆ ನೀರಿನಲ್ಲಿ ಬಾಳುವ ಗಿಡ ನಾಳೆ ಯಾರಿಗೆ ಬೇಕಾಗುತ್ತದೋ ಹೇಳಲಾಗದು. ಸಂಶೋಧನಾ ಸಂಸ್ಥೆಗಳಲ್ಲಿ ತಳಿಗಳನ್ನು ಇಟ್ಟಿರುತ್ತಾರೆ, ನಿಜ. ಆದರೆ ನಿಮ್ಮ ಊರಿನ ಬದುವಿನ ಗಿಡ ನಿಮ್ಮ ಊರಿನ ಮಳೆಗೆ, ಮಣ್ಣಿಗೆ ಹೊಂದಿಕೊಂಡದ್ದು. ಅದನ್ನು ಬೆಂಗಳೂರು ಕಾಪಾಡಲಾರದು. ಒಂದಿಡೀ ರೇಷ್ಮೆ ಫಾರ್ಮ್ ಹೆಸರಾಗಿ ಮಾತ್ರ ಉಳಿದ ಊರು ಅದು.

ಇನ್ನು ನಾವು ಕೇಳಬೇಕೆಂದಿದ್ದ ಮಾತು. ಈ ವರ್ಷ ಹಳೇ ತೋಟಕ್ಕೆ ಜೆಸಿಬಿ ಬಿಡಿಸುವವರಿದ್ದರೆ, ಹಿಂದಿನ ದಿನ ಒಂದು ಗಳಿಗೆ ಬಿಡುವು ಮಾಡಿಕೊಳ್ಳಿ. ಆರೋಗ್ಯವಾಗಿರುವ ಗಿಡ ನೋಡಿ ಹತ್ತು ಕಡ್ಡಿ ಕತ್ತರಿಸಿ. ಐದು ನಿಮ್ಮ ಬದುವಿನ ಮೇಲೆ ನೆಡಿ, ಐದು ಪಕ್ಕದ ಮನೆಗೆ ಕೊಡಿ. ಯಾವ ಗಿಡ, ಯಾರ ಕಾಲದ್ದು ಎಂದು ಮನೆಯ ಹಿರಿಯರನ್ನು ಕೇಳಿ ಫೋನಿನಲ್ಲೇ ಬರೆದಿಟ್ಟುಕೊಳ್ಳಿ. ಮಕ್ಕಳಿಗೆ ಹಣ್ಣಾಯಿತು, ಕುರಿಗೆ ಮೇವಾಯಿತು, ಬೇಕೆನಿಸಿದ ದಿನ ತೋಟಕ್ಕೆ ಕಡ್ಡಿಯೂ ಸಿಕ್ಕಿತು. ಇದಕ್ಕೆ ಸಬ್ಸಿಡಿ ಬೇಡ, ಅರ್ಜಿ ಬೇಡ. ಒಂದು ಹರಿತವಾದ ಮಚ್ಚು, ಒಂದು ಒದ್ದೆ ಗೋಣಿ ಚೀಲ ಸಾಕು.